ಗೊರವರ ಹುಲಗಪ್ಪ ಕಟ್ಟೆ ಹತ್ತದ ಮೂರು ತಿಂಗಳು

ನೆಲಬಂಡಿಯಲ್ಲಿ ಗೊರವರ ಹುಲಗಪ್ಪನಷ್ಟು ಮೆತ್ತಗೆ ಮಾತಾಡುವ ಮನುಷ್ಯ ಇನ್ನೊಬ್ಬನಿರಲಿಲ್ಲ. ಅವನಷ್ಟು ಜೋರಾಗಿ ಬೊಗಳುವವನೂ ಇನ್ನೊಬ್ಬನಿರಲಿಲ್ಲ.

ಸೋಮವಾರದಿಂದ ಶನಿವಾರದವರೆಗೆ, ಸಂತೆಯ ದಿನ ಬಿಟ್ಟು, ಅವನು ಕಂಬಳಿ ನೇಯುತ್ತಿದ್ದ. ಕುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕುಳಿತನೆಂದರೆ ಮನೆಯಲ್ಲಿ ಗಂಡಸು ಇದ್ದಾನೋ ಇಲ್ಲವೋ ಎಂಬುದು ಹೆಂಡತಿ ಸಣ್ಣವ್ವನಿಗೇ ಮರೆತುಹೋಗುತ್ತಿತ್ತು. ಭಾನುವಾರ ಬಂದರೆ ಬೇರೆಯೇ ಮನುಷ್ಯ. ನಸುಕಿನಲ್ಲಿ ತಣ್ಣೀರು ಸುರಿದುಕೊಂಡು, ಕರಿಕಂಬಳಿಯ ಅಂಗಿ ತೊಟ್ಟು, ಹಣೆತುಂಬ ಅರಿಸಿನದ ಭಂಡಾರ ಬಳಿದುಕೊಂಡು, ಕೈಯಲ್ಲಿ ಡಮರುಗ, ಬಗಲಲ್ಲಿ ಕಟ್ಟಿಗೆಯ ದೋಣಿ ಹಿಡಿದು ಹೊರಡುತ್ತಿದ್ದ. ಗೊರವನೆಂದರೆ ಮೈಲಾರಲಿಂಗನ ನಾಯಿ. ಭಕ್ತರ ಮನೆಯಂಗಳದಲ್ಲಿ ದೋಣಿ ಇಟ್ಟರೆ ಹೆಣ್ಣುಮಕ್ಕಳು ಅದರಲ್ಲಿ ಹಾಲು ಹಾಕಿ, ಬಾಳೆಹಣ್ಣು ಕಿವಿಚಿ, ಬೆಲ್ಲ ಬೆರೆಸುತ್ತಿದ್ದರು. ಹುಲಗಪ್ಪ ಮೊಣಕಾಲೂರಿ, ಓಣಿಯ ಆ ತುದಿಗೆ ಕೇಳುವಂತೆ ಮೂರು ಸಲ ಬೊಗಳಿ, ಕೈ ಹಚ್ಚದೆ ಬಾಯಿಂದಲೇ ಉಣ್ಣುತ್ತಿದ್ದ. ಹುಡುಗರು ನಗುತ್ತಿದ್ದರು, ಮುದುಕಿಯರು ಕೈ ಮುಗಿಯುತ್ತಿದ್ದರು.

ವಾರದ ಆರು ದಿನ "ಲೇ ಹುಲಗ್ಯಾ" ಎನ್ನುತ್ತಿದ್ದ ಊರು ಏಳನೆಯ ದಿನ "ಗೊರವಯ್ಯನವರ, ಬರ್ರಿ" ಎನ್ನುತ್ತಿತ್ತು. ಎರಡಕ್ಕೂ ಅವನು ಒಂದೇ ರೀತಿ ನಾಚಿ ತಲೆ ತಗ್ಗಿಸುತ್ತಿದ್ದ.

ದೀಕ್ಷೆ ಆದಾಗ ಅವನಿಗೆ ಹದಿನೆಂಟು ವರ್ಷ. ಇರಕಲ್ಲಗಡದ ಮುದಿ ಗೊರವನೊಬ್ಬ ಕೊರಳಿಗೆ ಕವಡೆಸರ ಹಾಕಿ, ಕಿವಿಯಲ್ಲಿ ಮೂರು ಮಾತು ಹೇಳಿದ್ದ. ದೋಣಿಯ ಕೊನೆಯ ತುತ್ತು ನಾಯಿಗೆ ಬಿಡು. ನಾಯಿಗೆ ಕಲ್ಲು ಬೀಸಬೇಡ. ನಾಯಿಯನ್ನು ಓಡಿಸಿದ ಜಾಗದಲ್ಲಿ ನೀನೂ ಕೂರಬೇಡ, ಉಣ್ಣಬೇಡ. ಮೂವತ್ತು ವರ್ಷ ಹುಲಗಪ್ಪ ಈ ಮೂರನ್ನೂ ಚಾಚೂ ತಪ್ಪದೆ ನಡೆಸಿದ್ದ. ಮೊದಲಿನ ಎರಡು ಎಲ್ಲರ ಕಣ್ಣಿಗೂ ಬೀಳುತ್ತಿದ್ದವು. ಮೂರನೆಯದು ಬೀಳುವಂಥ ಪ್ರಸಂಗವೇ ಬಂದಿರಲಿಲ್ಲ. ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅವನ ಮನೆಯ ನಾಯಿಯ ಹೆಸರು ಕೆಂಚಿ. ಕುರಿಹಿಂಡು ಹೊಡೆದುಕೊಂಡು ಹೊಳೆಯ ಕಡೆಗೆ ಹೊರಟಿದ್ದ ಹಾಲುಮತದವರು, ಕಾಲಿಗೆ ಮುಳ್ಳು ನಟ್ಟು ಕುಂಟುತ್ತಿದ್ದ ಮರಿಯನ್ನು ಅವನ ಕೈಗೆ ಕೊಟ್ಟು ಹೋಗಿದ್ದರು. ಬರುವಾಗ ಒಯ್ಯುತ್ತೇವೆ ಎಂದಿದ್ದರು. ಬರುವಾಗ ಅವರು ಕರೆದರೂ ಅದು ಹೋಗಲಿಲ್ಲ. ಆರು ವರ್ಷ ಅವನು ಹೋದಲ್ಲೆಲ್ಲ ಹಿಂದೆ ಬಂತು. ಕಟ್ಟಿ ಹಾಕಿದರೆ ಹಗ್ಗ ಕಡಿಯುತ್ತಿತ್ತು; ಬಾಗಿಲು ಹಾಕಿದರೆ ನೆರೆಮನೆಯವರು ಬಂದು ಬಾಗಿಲು ತೆಗೆಯುವವರೆಗೂ ಊಳಿಡುತ್ತಿತ್ತು.

ಊರ ಚಾವಡಿಯ ಮುಂದೆ ದೊಡ್ಡ ಬೇವಿನಮರ, ಅದರ ಸುತ್ತ ಕಲ್ಲಿನ ಕಟ್ಟೆ. ನೆಲಬಂಡಿಯಲ್ಲಿ ನೆರಳು ಅಂತ ಇದ್ದದ್ದು ಅಲ್ಲಿಯೇ. ಹೀಗಾಗಿ ಪಂಚಾಯ್ತಿ, ನಿದ್ದೆ, ಕ್ಷೌರ, ಬೀಗರ ಮಾತುಕತೆ ಎಲ್ಲ ಅದರ ಮೇಲೆಯೇ. ಸಂತೆಯ ದಿನ ಮೂಡಲ ಮಗ್ಗುಲಿಗೆ ವಿರೂಪಾಕ್ಷಮ್ಮನ ಬೆಣ್ಣೆಯ ಗಡಿಗೆ, ನಡುವೆ ಮರಕ್ಕೆ ಒರಗಿ ನೂರಸಾಬನ ಬಳೆ, ಪಡುವಲ ಮಗ್ಗುಲಿಗೆ ಹುಲಗಪ್ಪನ ಕಂಬಳಿ. ಅದು ಅವನ ಅಪ್ಪನೂ ಕುಳಿತ ಜಾಗ. ಮಡಿಚಿಟ್ಟ ಕಂಬಳಿಗಳ ಮೇಲೆ ಗದ್ದ ಇಟ್ಟು ಕೆಂಚಿ ಮಲಗುತ್ತಿತ್ತು. ಗಿರಾಕಿ ಕಂಬಳಿ ನೋಡಬೇಕೆಂದರೆ ಮೊದಲು ನಾಯಿಯ ತಲೆ ಎತ್ತಿ ಪಕ್ಕಕ್ಕಿಡಬೇಕು.

"ಬಿಚ್ಚಿ ನೋಡಬ್ಯಾಡ್ರಿ, ಬೆಚ್ಚಗೈತೋ ಇಲ್ಲೋ ನಾಯೀನ್ನ ಕೇಳ್ರಿ," ಎಂದು ನೂರಸಾಬ ಕೂಗುತ್ತಿದ್ದ. ಹುಲಗಪ್ಪನ ವ್ಯಾಪಾರದ ಮಾತೆಲ್ಲ ನೂರಸಾಬನದೇ.

ಹಾಗೆ ನಡೆದುಕೊಂಡು ಹೋಗುತ್ತಿದ್ದಾಗ, ನಿಜಾಮ ಸರಕಾರದ ಕಂದಾಯದ ಗಿರದಾವರ ಸಾಹೇಬರು ಬೆಳೆ ನೋಡಲು ಊರಿಗೆ ಬಂದರು. ಭಾದ್ರಪದದ ಬಿಸಿಲು. ಊರಿನ ಮಾಲಿಪಾಟೀಲ ಅಮರಪ್ಪಗೌಡರು ಕಟ್ಟೆಯ ಮೇಲೆ ಜಮಖಾನೆ ಹಾಸಿ ಊಟಕ್ಕೆ ಕೂರಿಸಿದರು. ಸಾಹೇಬರು ತಮ್ಮ ಹೊಸ ಜೋಡು ಕಳಚಿ ಕಟ್ಟೆಯ ಅಂಚಿಗೆ ಇಟ್ಟರು. ಊಟ ಮುಗಿಸಿ ಕೈ ತೊಳೆದು ನೋಡಿದರೆ ಎಡಗಾಲಿನದು ಮಾತ್ರ ಇದೆ. ಹಿಂದಿನ ಓಣಿಯ ಕರಿನಾಯಿಯೊಂದು ಬಲಗಾಲಿನದನ್ನು ಕಚ್ಚಿಕೊಂಡು ಆಗಲೇ ಊರ ಅಗಸಿಬಾಗಿಲು ದಾಟಿತ್ತು. ಅರ್ಧ ಊರು ಅದರ ಬೆನ್ನು ಹತ್ತಿತು. ಕಳ್ಳಿಬೇಲಿಯಲ್ಲಿ ಜೋಡು ಸಿಕ್ಕಿತು, ಆದರೆ ಹಿಮ್ಮಡಿ ಇರಲಿಲ್ಲ.

ಸಾಹೇಬರು ಒಂದು ಕಾಲು ಎತ್ತರ, ಒಂದು ಕಾಲು ಗಿಡ್ಡ ಮಾಡಿಕೊಂಡು ಕುದುರೆಯ ತನಕ ನಡೆದರು. ರಿಕಾಬಿಗೆ ಕಾಲು ಕೊಟ್ಟು ಕೇಳಿದರು: "ಪಾಟೀಲ್, ಈ ಕಟ್ಟೆ ಮನುಷ್ಯರದೋ, ನಾಯಿಗಳದೋ?"

ಗೌಡರ ಮುಖ ಕಂದಿತು. ಅದೇ ಹೊತ್ತಿಗೆ ವಿರೂಪಾಕ್ಷಮ್ಮನಿಗೂ ದನಿ ಬಂತು.

"ನಾ ಎಷ್ಟ್ ಸಲ ಹೇಳೀನ್ರಿ ಗೌಡ್ರ? ಹೋದ ಸಂತ್ಯಾಗ ಅದ ಕರಿನಾಯಿ ನನ್ನ ಗಡಿಗ್ಯಾಗ ಮುಸಡಿ ಹಾಕ್ತು. ಎರಡು ಸೇರು ಬೆಣ್ಣಿ ಚೆಲ್ಲಿದೆ. ನನಗ ಜೋಡು ಇಲ್ಲಾ ಅಂತ ನನ್ನ ಮಾತು ಯಾರೂ ಕೇಳಲಿಲ್ಲ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ಅಂದು ಸಂಜೆಯೇ ತಳವಾರ ಬಾಲಪ್ಪ ಹಲಗಿ ಬಾರಿಸಿಕೊಂಡು ಓಣಿ ಓಣಿ ತಿರುಗಿದ.

"ಕೇಳ್ರಪೋ ಕೇಳ್ರಿ! ಇವತ್ತಿಂದ ಬೇವಿನ ಕಟ್ಟಿ ಮ್ಯಾಲ ಯಾವ ನಾಯೀನೂ ಹತ್ತಬಾರದು! ಸಾಕಿದ್ದಾಗ್ಲಿ, ಬಿಟ್ಟದ್ದಾಗ್ಲಿ, ಕುಂಟೇ ಆಗ್ಲಿ, ಮುದೀನೇ ಆಗ್ಲಿ! ಹತ್ತಿದ್ರ ಹೊಡೆದು ಓಡಸಬೇಕಂತ ಗೌಡ್ರ ಹುಕುಂ ಆಗೈತಿ!"

ಕುಂಟು, ಮುದಿ ಇವೆರಡು ಬಾಲಪ್ಪನ ಸ್ವಂತ ಸೇರಿಕೆ. ಹಲಗಿ ಕೈಯಲ್ಲಿದ್ದಾಗ ಅವನಿಗೆ ಮಾತು ಉದ್ದವಾಗುತ್ತಿತ್ತು. ಮರುದಿನ ಬೆಳಗ್ಗೆ ಅವನೇ ಬಡಿಗೆ ಹಿಡಿದು ಕಟ್ಟೆಯ ಮೇಲಿದ್ದ ಒಂಬತ್ತು ನಾಯಿಗಳನ್ನು ಓಡಿಸಿದ. ಹುಲಗಪ್ಪ ಆಗ ನೀರಿಗೆ ಹೊರಟವನು ದಾರಿಯಲ್ಲಿ ನಿಂತು ನೋಡಿದ. ಕೊಡ ಹೆಗಲಿನಿಂದ ಇಳಿಸಿ ಮತ್ತೆ ಹೆಗಲಿಗೇರಿಸಿದ. ಆಮೇಲೆ ಬಾವಿಗೆ ಹೋದ.

ಆ ವಾರದ ಸಂತೆಯಲ್ಲಿ ಅವನು ಕಟ್ಟೆ ಹತ್ತಲಿಲ್ಲ. ಗಾಣದ ಮನೆಯ ಹಿಂದೆ, ಎತ್ತು ಕಟ್ಟುವ ಬಯಲಿನಲ್ಲಿ ಕಂಬಳಿ ಹಾಸಿ ಕುಳಿತ. ಅಲ್ಲಿ ನೆರಳಿರಲಿಲ್ಲ, ದಾರಿಯೂ ಇರಲಿಲ್ಲ. ಹಿಂಡಿ ಕೊಳ್ಳಲು ಬಂದವರು ಮಾತ್ರ ಆ ಕಡೆ ಬರುತ್ತಿದ್ದರು, ಅವರಿಗೆ ಕಂಬಳಿ ಬೇಕಿರಲಿಲ್ಲ. ಕೆಂಚಿ ನಾಲಿಗೆ ಇಳಿಬಿಟ್ಟು ಅವನ ನೆರಳಿನಲ್ಲಿ ಮಲಗಿತು. ಸಂಜೆ ಒಯ್ದಷ್ಟೇ ಕಂಬಳಿ ಹೊತ್ತು ಮನೆಗೆ ಬಂದ.

ಸಣ್ಣವ್ವ ಗಂಟು ಬಿಚ್ಚಿ ಎಣಿಸಿದಳು. "ಒಂದೂ ಹೋಗಲಿಲ್ಲಾ?"

"ಬಿಸಲೈತಿ. ಬಿಸಲಾಗ ಕಂಬಳಿ ಯಾರು ಕೇಳ್ತಾರ?"

"ಕಟ್ಟಿ ಮ್ಯಾಲ ಬಿಸಲಿತ್ತೇನು? ನಾಯಿ ಹತ್ತಬಾರದು ಅಂದಾರ, ನೀ ಹತ್ತಬಾರದು ಅಂದಿಲ್ಲಲ್ಲ! ನಾಯೀನ್ನ ಕೆಳಗ ಬಿಟ್ಟು ನೀ ಮ್ಯಾಲ ಕುಂದ್ರು."

ಹುಲಗಪ್ಪ ಕೆಂಚಿಯ ಕಿವಿಯಲ್ಲಿ ಸಿಕ್ಕಿದ್ದ ನೆಗ್ಗಿಲಮುಳ್ಳು ತೆಗೆಯುತ್ತ ಹೇಳಿದ: "ಆಗೂದಿಲ್ಲ."

"ಯಾಕ ಆಗೂದಿಲ್ಲ?"

"ಗುರುವಿನ ಮಾತೈತಿ." ಅಷ್ಟು ಹೇಳಿ ಮೂರನೆಯ ನೇಮ ಹೇಳಿದ.

ಸಣ್ಣವ್ವ ಹಣೆಗೆ ಕೈ ಹಚ್ಚಿಕೊಂಡು ಕುಳಿತಳು. ಗುರುವಿನ ಮಾತಿಗೆ ಎದುರು ಹೇಳುವಂತಿಲ್ಲ. ಮುಂದೆ ಚಳಿಗಾಲ. ವರ್ಷದ ಕಂಬಳಿಯೆಲ್ಲ ಹೋಗುವುದು ದೀಪಾವಳಿಯ ಹಿಂದೆ ಮುಂದೆ ಮೂರು ತಿಂಗಳಿನಲ್ಲಿ. ಕಟ್ಟೆ ಇಲ್ಲದಿದ್ದರೆ ಕಂಬಳಿ ಇಲ್ಲ, ಕಂಬಳಿ ಇಲ್ಲದಿದ್ದರೆ ಮುಂದಿನ ಉಣ್ಣೆ ಇಲ್ಲ. "ಹಂಗಾದ್ರ ಗೌಡ್ರಿಗೆ ಹೋಗಿ ಇದನ್ನ ಹೇಳು," ಎಂದಳು. "ನನಗ ಹೇಳಿದ್ರ ಏನಾಗ್ತೈತಿ? ನಾ ಏನು ಪಾಟೀಲಕಿ ಮಾಡ್ತೀನೇನು?"

ಅವನು ಹೋದ. ಒಂದು ಸಲವಲ್ಲ, ನಾಲ್ಕು ಸಲ ಹೋದ. ಮೂರು ಸಲ ಗೌಡರ ಬಾಗಿಲ ಹತ್ತಿರದಿಂದಲೇ ತಿರುಗಿ ಬಂದ. ನಾಲ್ಕನೆಯ ಸಲ ಗೌಡರೇ ಕಂಡುಬಿಟ್ಟರು.

"ಏನಲೇ ಹುಲಗ್ಯಾ?"

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಬಿಟ್ಟು ಹುಲಗಪ್ಪ ಆಕಾಶ ನೋಡಿದ. "ಏನಿಲ್ರಿ ಗೌಡ್ರ. ಮಳಿ... ಮಳಿ ಆಗಬಹುದೇನ್ರಿ?"

ಗೌಡರು ತಲೆಯೆತ್ತಿ ನೋಡಿದರು. ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿರಲಿಲ್ಲ. "ನಿನ್ನ ಮಗ್ಗದಾಗ ಮಳಿ ಬೇಕೇನಲೇ?" ಎಂದು ನಕ್ಕು ಒಳಗೆ ಹೋದರು. ಆಮೇಲೆ ಚಾವಡಿಯಲ್ಲಿ, "ನಾಯಿ ಸಲುವಾಗಿ ಹುಲಗ್ಯಾ ನನ್ನ ಮ್ಯಾಲ ಮುನಿಸಿಕೊಂಡಾನ. ಹಟ ನೋಡ್ರಿ ಮೆತ್ತನ್ನ ಮನಷ್ಯಾಂದು," ಎಂದು ಎಲ್ಲರ ಮುಂದೆ ಹೇಳಿದರು. ಊರೂ ಹಾಗೆಯೇ ತಿಳಿಯಿತು. ನೂರಸಾಬ ಮಾತ್ರ ಸಂತೆಯ ದಿನ ಗಾಣದ ಹಿಂದೆ ಒಂದು ಸುತ್ತು ಬಂದು, "ಹುಲಗಪ್ಪಣ್ಣ, ನೀ ಇಲ್ದ ನನ್ನ ಗಂಟಲಿಗೆ ಕೆಲಸ ಇಲ್ಲಪಾ. ಬಳಿ ಮಾರಾಕ ಕೂಗಬೇಕಾಗಿಲ್ಲ, ಹೆಣ್ಮಕ್ಕಳು ತಾವ ಬರ್ತಾರ," ಎಂದು ನಗಿಸಿ ಹೋಗುತ್ತಿದ್ದ. ಪಡುವಲ ಮಗ್ಗುಲಿನ ಜಾಗ ಖಾಲಿಯೇ ಇತ್ತು. ಮೂರು ತಿಂಗಳಿನಲ್ಲಿ ಹುಲಗಪ್ಪನ ಎರಡೇ ಕಂಬಳಿ ಹೋದವು. ಅದರಲ್ಲಿ ಒಂದನ್ನು ಕೊಂಡವನು ನೂರಸಾಬನೇ.

ಕಾರ್ತಿಕದ ಕೊನೆಗೆ ಗೌಡರ ಸೊಸೆ ಪಂಪಾವತಿ ಗಂಡುಮಗು ಎತ್ತಿಕೊಂಡು ತವರಿನಿಂದ ಬಂದಳು. ಮಗುವಿಗಾಗಿ ಗೌಡರ ಹೆಂಡತಿ ಗುರುಲಿಂಗಮ್ಮ ಎರಡು ವರ್ಷದ ಹಿಂದೆ ಮೈಲಾರಲಿಂಗನಿಗೆ ಹರಕೆ ಹೊತ್ತಿದ್ದರು. ಕಟ್ಟೆಯ ಮೇಲೆ ನಿಂತು, ಅಂಗೈಯಲ್ಲಿ ಭಂಡಾರ ಹಿಡಿದು, "ಮೊಮ್ಮಗ ಆದ್ರ ಇದ ಕಟ್ಟಿ ಮ್ಯಾಲ, ಊರ ಮುಂದ, ಮೂರು ಮಂದಿ ಗೊರವರ ದೋಣಿ ತುಂಬಸ್ತೀನಿ," ಎಂದಿದ್ದರು. ಆಡಿದ ಮಾತು ಆಡಿದ ಹಾಗೆಯೇ ನಡೆಯಬೇಕು.

ಭಾನುವಾರ ಬಂತು. ಕಟ್ಟೆಗೆ ಸಾರಣೆ ಸಾರಿಸಿ ರಂಗೋಲಿ ಹಾಕಿದ್ದರು. ಒಂದು ಹಂಡೆ ಹಾಲು, ಮೂರು ಗೊನೆ ಬಾಳೆಹಣ್ಣು, ಬೆಲ್ಲದ ಪೆಂಟೆ, ತುಪ್ಪದ ತಂಬಿಗೆ. ತಾವರಗೇರಿಯಿಂದ ಒಬ್ಬ, ಇರಕಲ್ಲಗಡದಿಂದ ಒಬ್ಬ ಗೊರವ ಬಂದಿದ್ದರು. ಮೂವರಲ್ಲಿ ಹುಲಗಪ್ಪನೇ ಹಿರಿಯ. ಅವನು ಮೊಣಕಾಲೂರಿದ ಮೇಲೆಯೇ ಉಳಿದವರು ಊರಬೇಕು. ಡಮರುಗ ಬಾರಿಸುತ್ತ ಮೂವರೂ ಓಣಿಯಿಂದ ಬಂದರು, ಹಿಂದೆ ಕೆಂಚಿ ಬಂತು. ಕಟ್ಟೆಯ ಮೆಟ್ಟಿಲ ಹತ್ತಿರ ಬಂದ ಹುಲಗಪ್ಪ ನಿಂತ. ಅವನು ನಿಂತದ್ದಕ್ಕೆ ಉಳಿದಿಬ್ಬರೂ ನಿಂತರು. ಡಮರುಗವೂ ನಿಂತಿತು.

"ಬರ್ರಿ ಗೊರವಯ್ಯನವರ," ಎಂದರು ಗೌಡರು.

ಹುಲಗಪ್ಪ ಬಗಲಲ್ಲಿದ್ದ ದೋಣಿಯನ್ನು ಇನ್ನಷ್ಟು ಒತ್ತಿ ಹಿಡಿದ.

"ಮ್ಯಾಲ ಬರ್ರಿ, ಹೊತ್ತಾಗ್ತೈತಿ."

ಹುಲಗಪ್ಪನ ಕಿವಿ ಕೆಂಪಗಾದವು. ನೆಲ ನೋಡುತ್ತ ಹೇಳಿದ: "ಬರಾಕ ಬರೂದಿಲ್ರಿ ಗೌಡ್ರ. ಈ ಕಟ್ಟಿ ಮ್ಯಾಲಿಂದ ನಾಯಿ ಓಡಿಸ್ಯಾರ್ರಿ."

"ಹೂಂ, ನಾಯಿ ಓಡಿಸೀವಿ. ನಿಮ್ಮನ್ನ ಯಾರು ಓಡಿಸ್ಯಾರ?"

"ನಾಯಿ ಓಡಿಸಿದ ಜಾಗಾದಾಗ ಗೊರವ ಕುಂದ್ರಬಾರದು, ಉಣ್ಣಬಾರದು. ದೀಕ್ಷಾದಾಗ ಹೇಳಿದ ಮಾತ್ರಿ."

ಗೌಡರು ಉಳಿದ ಇಬ್ಬರ ಕಡೆ ನೋಡಿದರು. ಇರಕಲ್ಲಗಡದವನು, "ಖರೇ ಐತ್ರಿ. ನಮ್ಮ ಮಠದ ನೇಮ. ಓಡಿಸಿದ್ದು ನಮಗ ಗೊತ್ತಿರಲಿಲ್ಲ, ಗೊತ್ತಿದ್ರ ನಾವೂ ಬರ್ತಿರಲಿಲ್ಲ," ಎಂದ. ಕಟ್ಟೆಯ ಸುತ್ತ ನೆರೆದ ಜನ ಪಿಸುಪಿಸು ಶುರುಮಾಡಿದರು. ಮೂರು ತಿಂಗಳ ಮುನಿಸು ಮುನಿಸಲ್ಲ ಎಂಬುದು ಆಗ ಎಲ್ಲರ ತಲೆಗೆ ಹೋಯಿತು.

"ಮೊದಲ ಯಾಕ ಹೇಳಲಿಲ್ಲ?"

"ಹೇಳಾಕ ಬಂದಿದ್ನಿರಿ."

"ಯಾವಾಗ?"

"ಮಳಿ ಕೇಳಿದ್ನಲ್ರಿ, ಆವಾಗ್ರಿ."

ಜನ ಗೊಳ್ಳೆಂದು ನಕ್ಕರು. ಗೌಡರಿಗೂ ನಗು ಬಂತು, ನುಂಗಿಕೊಂಡರು. "ಆತು, ದೋಣಿ ಕೆಳಗ ಇಡ್ರಿ. ಕೆಳಗ ಉಣ್ರಿ, ನಡೀತೈತಿ."

"ಏನ್ ನಡೀತೈತ್ರಿ?" ಗುರುಲಿಂಗಮ್ಮ ಸೆರಗು ಬಿಗಿದು ಮುಂದೆ ಬಂದರು. "ನಾ ಭಂಡಾರ ಹಿಡಿದು ಕಟ್ಟಿ ಮ್ಯಾಲ ಅಂದೀನಿ. ಕೂಸಿನ ಹರಕಿ ಐತಿ. ಒಂದು ಜೋಡಿನ ಹಿಮ್ಮಡಕ್ಕ ನನ್ನ ಮೊಮ್ಮಗನ ಹರಕಿ ಕೆಡಸ್ತೀರೇನು?"

"ಹಂಗಾದ್ರ ಗೊರವಯ್ಯಗ ಮಾಫಿ. ನನ್ನ ಹುಕುಂ ಅವಗ ಹತ್ತೂದಿಲ್ಲ. ಆತಲ್ಲ?"

ಹುಲಗಪ್ಪ ತಲೆ ಅಲ್ಲಾಡಿಸಿದ. "ನನಗ ಮಾಫಿ ಮಾಡಿದ್ರ ಏನಾತ್ರಿ? ನಾಯಿಗೆ ಆಗಬೇಕಲ್ರಿ."

ಗೌಡರು ಪೇಟ ತೆಗೆದು ತಲೆ ಕೆರೆದುಕೊಂಡರು. ಹುಕುಂ ತೆಗೆದುಬಿಡುತ್ತೇನೆ ಎಂದು ಬಾಯಿ ತೆರೆಯುವುದರೊಳಗೆ ಗುಂಪಿನಿಂದ ವಿರೂಪಾಕ್ಷಮ್ಮನ ದನಿ ಎದ್ದಿತು.

"ತಗೀರಿ, ತಗೀರಿ! ದೇವರ ಕೆಲಸಕ್ಕ ನಾ ಅಡ್ಡ ಬರೂದಿಲ್ಲ. ಆದ್ರ ಬರೂ ಸಂತ್ಯಾಗ ನನ್ನ ಬೆಣ್ಣಿಗೆ ಯಾರು ಜವಾಬು? ಮೈಲಾರಲಿಂಗ ಬಂದು ಗಡಿಗಿ ಕಾಯ್ತಾನೇನು? ಮೂರು ತಿಂಗಳು ನಾ ನಿಶ್ಚಿಂತಿಂದ ಮಾರೀನಿ. ಕಟ್ಟಿ ಎಲ್ಲಾರದೂ ಅಂದ್ರ ನಂದೂ ಹೌದಲ್ಲ?"

ಹಾಲಿನ ಹಂಡೆಯ ಮೇಲೆ ನೊಣ ಕೂರತೊಡಗಿದವು. ಪಂಪಾವತಿಯ ಕೂಸು ಅಳತೊಡಗಿತು. ಹುಲಗಪ್ಪ ವಿರೂಪಾಕ್ಷಮ್ಮನ ಕಡೆ ನೋಡಿದ. ಅವಳು ಹೇಳಿದ್ದು ನ್ಯಾಯವೇ ಎಂದು ಅವನಿಗೆ ಅನ್ನಿಸಿತು. ಮೈಮೇಲೆ ಗೊರವನ ಅಂಗಿ ಇತ್ತು, ಕೊರಳಲ್ಲಿ ಕವಡೆಸರ ಇತ್ತು. ಆ ವೇಷದಲ್ಲಿ ಅವನಿಗೆ ಬೊಗಳುವುದು ಮಾತ್ರ ರೂಢಿ. ಅಂದು ಮಾತಾಡಿದ.

"ನಾ ಜವಾಬು ರೀ ಅಕ್ಕಾರ."

"ಏನಂದಿ? ಜೋರಾಗಿ ಹೇಳು!"

"ನಾ ಜವಾಬು!" ಈ ಸಲ ಕಟ್ಟೆಯ ಆಚೆಗೂ ಕೇಳಿಸಿತು. "ಸಂತಿ ದಿವಸ ಕಟ್ಟಿ ಮ್ಯಾಲಿನ ನಾಯಿ ಎಲ್ಲಾ ನನ್ನ ಕಡೆ. ಯಾವದರ ನಿಮ್ಮ ಗಡಿಗಿ ಕಡೆ ಬಂದ್ರ ನಾ ಕರಕೋತೀನಿ. ಬಡಿಗಿ ತಗೊಂಡು ಓಡಸೂದು ಬ್ಯಾಡ. ಕರದ್ರ ಬರ್ತಾವು. ಹಸಿದಾಗ ಗಡಿಗಿ ನೋಡ್ತಾವು ಅವು, ನನ್ನ ಹಂತ್ಯಾಕ ರೊಟ್ಟಿ ಇರ್ತೈತಿ. ನಿಮ್ಮ ಬೆಣ್ಣಿಗೆ ಒಂದು ನಾಯಿ ಬಾಯಿ ಹಾಕಿದ್ರ ಆ ದಿವಸದ ಬೆಣ್ಣಿ ನಾ ತುಂಬಿ ಕೊಡ್ತೀನಿ, ಮರುದಿವಸದಿಂದ ಕಟ್ಟಿನೂ ಬಿಡ್ತೀನಿ."

ಅವನ ಬಾಯಿಂದ ಒಮ್ಮೆಗೇ ಅಷ್ಟು ಮಾತು ಬಂದದ್ದನ್ನು ನೆಲಬಂಡಿ ಅದುವರೆಗೆ ಕೇಳಿರಲಿಲ್ಲ. ಗುಂಪಿನ ಹಿಂದೆ ನಿಂತಿದ್ದ ಸಣ್ಣವ್ವ ಪಕ್ಕದವಳ ಕೈ ಹಿಡಿದುಕೊಂಡಳು.

ವಿರೂಪಾಕ್ಷಮ್ಮ ಗುಂಪು ಸರಿಸಿ ಮುಂದೆ ಬಂದಳು. "ಕರದ್ರ ಬರ್ತಾವಾ? ಆ ಕರಿನಾಯಿ?"

"ಬರ್ತೈತ್ರಿ."

"ಎಲ್ಲೈತಿ, ಕರಿ ನೋಡೂಣು."

ಕರಿನಾಯಿ ಹಾಲಿನ ವಾಸನೆಗೆ ಆಗಲೇ ಚಾವಡಿಯ ಮೂಲೆಗೆ ಬಂದು ಕುಳಿತಿತ್ತು. ಹುಲಗಪ್ಪ ಕುಕ್ಕರಗಾಲಲ್ಲಿ ಕುಳಿತು, ಗಂಟಲಿನಲ್ಲೇ ಸಣ್ಣಗೆ ಒಂದು ದನಿ ತೆಗೆದ. ಬೊಗಳಿದ್ದಲ್ಲ, ಕರೆದದ್ದೂ ಅಲ್ಲ, ಎರಡರ ನಡುವಿನದು. ಕರಿನಾಯಿ ಕಿವಿ ನಿಮಿರಿಸಿತು. ಹಾಲಿನ ಹಂಡೆಯ ಕಡೆ ಒಮ್ಮೆ ನೋಡಿತು, ಅವನ ಕಡೆ ಒಮ್ಮೆ ನೋಡಿತು. ಆಮೇಲೆ ಹೊಟ್ಟೆ ನೆಲಕ್ಕೆ ಹಚ್ಚಿ, ಬಾಲ ಆಡಿಸುತ್ತ ಬಂದು ಅವನ ಮೊಣಕಾಲಿಗೆ ಮುಸುಡಿ ಒತ್ತಿತು. ಕೆಂಚಿ ಗುರ್ ಎಂದು, ಆಮೇಲೆ ಸುಮ್ಮನಾಯಿತು.

"ಆತವಾ," ಎಂದಳು ವಿರೂಪಾಕ್ಷಮ್ಮ. "ನನ್ನ ಗಂಡ ಇಷ್ಟು ಕರದ್ರ ಬರೂದಿಲ್ಲ."

ನಗು ನಿಲ್ಲುವ ಮೊದಲೇ ಗೌಡರು, "ಲೇ ಬಾಲ್ಯಾ, ಹಲಗಿ ತಗೊಂಬಾ!" ಎಂದರು. ಬಾಲಪ್ಪನಿಗೆ ಅಷ್ಟೇ ಬೇಕಿತ್ತು. ಓಡಿಹೋಗಿ ಹಲಗಿ ತಂದು ಕಟ್ಟೆಯ ಮುಂದೆಯೇ ಬಾರಿಸಿದ.

"ಕೇಳ್ರಪೋ ಕೇಳ್ರಿ! ಬೇವಿನ ಕಟ್ಟಿ ಮ್ಯಾಲ ನಾಯಿ ಹತ್ತಬಹುದು! ಸಾಕಿದ್ದಾಗ್ಲಿ, ಬಿಟ್ಟದ್ದಾಗ್ಲಿ! ಸಂತಿ ದಿವಸ ಗೊರವರ ಹುಲಗಪ್ಪನ ಜವಾಬು! ಯಾರೂ ಬಡಿಗಿ ಎತ್ತಬಾರದು! ಎತ್ತಿದವರನ್ನ..." ಮುಂದಿನದು ಹುಕುಮಿನಲ್ಲಿ ಇಲ್ಲವೆಂದು ಗೌಡರ ಮುಖ ನೋಡಿ ತಿಳಿದು, ಹಲಗಿ ಮಾತ್ರ ಇನ್ನಷ್ಟು ಬಾರಿಸಿದ.

ಓಡಿಸಿದ ಜಾಗಕ್ಕೆ ಮೊದಲು ನಾಯಿಯೇ ಹತ್ತಬೇಕೆಂದು ಇರಕಲ್ಲಗಡದವನು ಹೇಳಿದ. ಹುಲಗಪ್ಪ ಕೆಂಚಿಯ ಬೆನ್ನು ತಟ್ಟಿದ. ಕೆಂಚಿ ಹೊಸ ರಂಗೋಲಿ ತುಳಿದು ಮೇಲೆ ಹೋಗಿ, ಪಡುವಲ ಮಗ್ಗುಲಿನಲ್ಲಿ ಮೂರು ಸುತ್ತು ತಿರುಗಿ ಮಲಗಿತು. ಹುಲಗಪ್ಪ ಮೆಟ್ಟಿಲು ಹತ್ತಿದ. ಗುರುಲಿಂಗಮ್ಮ ಮೂರು ದೋಣಿಗೂ ತಮ್ಮ ಕೈಯಾರೆ ಹಾಲು ಸುರಿದರು, ಹಣ್ಣು ಕಿವಿಚಿದರು. ಮೂವರು ಗೊರವರು ಬೊಗಳಿದ್ದಕ್ಕೆ ಊರಿನ ಅಷ್ಟೂ ನಾಯಿಗಳು ದನಿ ಕೂಡಿಸಿದವು. ಅಳುತ್ತಿದ್ದ ಕೂಸು ಬೆಚ್ಚಿ ಸುಮ್ಮನಾಗಿ, ಆಮೇಲೆ ನಕ್ಕಿತು. ಅದು ನಕ್ಕದ್ದು ಹರಕೆ ಮುಟ್ಟಿದ ಗುರುತೆಂದು ಗುರುಲಿಂಗಮ್ಮ ಸಾಯುವ ತನಕ ಹೇಳುತ್ತಿದ್ದರು.

ಮುಂದಿನ ಸಂತೆಗೆ ಸಣ್ಣವ್ವ ಹನ್ನೆರಡು ರೊಟ್ಟಿ ಹೆಚ್ಚಿಗೆ ತಟ್ಟಿದಳು, ಬೈಯುತ್ತಲೇ ತಟ್ಟಿದಳು. ಹುಲಗಪ್ಪ ಕಂಬಳಿ ಗಂಟು ಹೊತ್ತು, ಕೆಂಚಿಯನ್ನು ಹಿಂದೆ ಹಾಕಿಕೊಂಡು ಕಟ್ಟೆ ಹತ್ತಿದ. ಹೊತ್ತು ಏರುವುದರೊಳಗೆ ನಾಯಿಗಳು ಒಂದೊಂದಾಗಿ ಬಂದವು. ಒಂದು ಬೆಣ್ಣೆಯ ಕಡೆ ಮೂಗು ತಿರುಗಿಸಿದರೆ ಅವನು ಕರೆಯಬೇಕು, ಇನ್ನೊಂದು ಬಳೆಯ ಬುಟ್ಟಿಯ ಹತ್ತಿರ ಹೋದರೆ ಮತ್ತೆ ಕರೆಯಬೇಕು. ಸುಮ್ಮನೆ ಕೂರಲು ಪುರುಸೊತ್ತೇ ಇಲ್ಲ. ಅವನು ಕರೆಯುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ನಿಂತವರು ಕಂಬಳಿ ಮುಟ್ಟಿ ನೋಡುತ್ತಿದ್ದರು. ಮುಟ್ಟಿದವರು ಬೆಲೆ ಕೇಳುತ್ತಿದ್ದರು. ಬೆಲೆ ಹೇಳುವುದನ್ನೂ ಅವನೇ ಮಾಡಬೇಕಾಯಿತು, ಏಕೆಂದರೆ ನೂರಸಾಬ ನಕ್ಕು ನಕ್ಕು ಕೂಗುವುದನ್ನು ಮರೆತಿದ್ದ.

ಮಧ್ಯಾಹ್ನದ ಹೊತ್ತಿಗೆ ಕರಿನಾಯಿ ಮೆಲ್ಲಗೆ ಎದ್ದು ಮೂಡಲ ಮಗ್ಗುಲಿಗೆ ನಾಲ್ಕು ಹೆಜ್ಜೆ ಇಟ್ಟಿತು. ಹುಲಗಪ್ಪ ಗಿರಾಕಿಯ ಜೊತೆ ಮಾತಿನಲ್ಲಿದ್ದ, ನೋಡಲಿಲ್ಲ. ವಿರೂಪಾಕ್ಷಮ್ಮ ನೋಡಿದಳು. ಕೈ ಬಡಿಗೆಯ ಕಡೆ ಹೋಗಲಿಲ್ಲ. ಗಡಿಗೆಯ ಮೇಲೆ ಸೆರಗು ಹೊದಿಸಿ, ಕುತ್ತಿಗೆ ಚಾಚಿ ಕೂಗಿದಳು:

"ಏ ಹುಲಗಪ್ಪಾ, ನಿನ್ನ ಅಳಿಯ ಹೊಂಟಾನ ನೋಡಪಾ, ಕರಕೋ!"

ಹುಲಗಪ್ಪ ಕರೆದ. ಕರಿನಾಯಿ ತಿರುಗಿ ಬಂದು, ಕೆಂಚಿಯ ಪಕ್ಕ ಉಳಿದಿದ್ದ ಕೊನೆಯ ಎರಡು ಕಂಬಳಿಗಳ ಮೇಲೆ ಗದ್ದ ಇಟ್ಟು ಮಲಗಿತು.